ಮಧ್ಯಾಹ್ನ ಆಮ್ಲಜನಕ 12 ಇದ್ದರೂ ಬೆಳಗಿನ ಜಾವ ಮೀನು ಬಾಯಿ ಬಿಡುತ್ತಿವೆ, ಯಾಕೆ?

ಪ್ರಶ್ನೆ:
ಕೊಟ್ಟಿಗೆ ತೊಳೆದ ನೀರು ಪೈಪಿನಲ್ಲಿ ಹಳ್ಳ ಸೇರುತ್ತಿದೆ. ಪೈಪಿನ ಬಾಯಿಂದ 50 ಮೀಟರ್‌ವರೆಗೆ ಕಲ್ಲುಗಳ ಮೇಲೆ ಬೂದು ಲೋಳೆ, ಅದರಿಂದ ಕೆಳಗೆ ಉದ್ದುದ್ದ ಎಳೆಯ ಹಸಿರು ಪಾಚಿ. ಮಧ್ಯಾಹ್ನ 3ಕ್ಕೆ ಕರಗಿದ ಆಮ್ಲಜನಕ ಲೀಟರಿಗೆ 12 ಮಿ.ಗ್ರಾಂ, ನೀರು 25 ಡಿಗ್ರಿ ಸೆಲ್ಸಿಯಸ್. ಆದರೂ ನಸುಕಿನಲ್ಲಿ ಮೀನು ಮೇಲಕ್ಕೆ ಬಂದು ಬಾಯಿ ಬಿಡುತ್ತವೆ. ಏನೇನು ಪರೀಕ್ಷಿಸಬೇಕು?

ಉತ್ತರ 1:
ಆ 12ನ್ನು ನೆಚ್ಚಬೇಡಿ. 25 ಡಿಗ್ರಿಯಲ್ಲಿ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದು 8.3ರ ಆಸುಪಾಸು, ಮಿಕ್ಕಿದ್ದು ಬಿಸಿಲಿಗೆ ಪಾಚಿ ಬಿಟ್ಟದ್ದು. ರಾತ್ರಿ ಅದೇ ಪಾಚಿ, ಸಗಣಿ ಕೊಳೆಸುವ ಬ್ಯಾಕ್ಟೀರಿಯಾ ಎರಡೂ ಆಮ್ಲಜನಕ ಎಳೆಯುತ್ತವೆ. ಸೂರ್ಯ ಹುಟ್ಟುವ ಮುಂಚೆ ಅಳೆಯಿರಿ. 5ರ ಕೆಳಗೆ ಬಹಳಷ್ಟು ಮೀನಿಗೆ ತ್ರಾಸು, 2ರ ಕೆಳಗೆ ಹೆಚ್ಚಿನವು ಉಳಿಯವು. ಮಧ್ಯಾಹ್ನದ ಪಿಎಚ್ ಕೂಡ ನೋಡಿ: ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿದಂತೆ ಪಿಎಚ್ ಏರುತ್ತದೆ, 9 ದಾಟಿತೆಂದರೆ ಗಂಜಲದಿಂದ ಬಂದ ಅಮೋನಿಯಾದ ದೊಡ್ಡ ಪಾಲು ವಿಷರೂಪಕ್ಕೆ ತಿರುಗುತ್ತದೆ.

ಉತ್ತರ 2:
ಬೂದು ಲೋಳೆ ಪಾಚಿಯೇ ಅಲ್ಲ. ಅದು ಹೆಚ್ಚಾಗಿ ಸ್ಫೀರೋಟಿಲಸ್ ಎಂಬ ಬ್ಯಾಕ್ಟೀರಿಯಾ. ಬೆಳಕು ಬೇಕಿಲ್ಲ, ಕೊಳೆಯುವ ಸಾವಯವ ಪದಾರ್ಥ ಸಾಕು. ಹಸಿರು ಪಾಚಿಗೆ ರಂಜಕ (ಫಾಸ್ಫರಸ್), ಸಾರಜನಕ, ಬಿಸಿಲು ಬೇಕು. ಎರಡನ್ನೂ ಒಂದೇ ಎಂದುಕೊಂಡರೆ ಮದ್ದು ತಪ್ಪುತ್ತದೆ.

ಕೊಳೆ ಕರಗಿಸಲು ಬ್ಯಾಕ್ಟೀರಿಯಾಗೆ ಬೇಕಾಗುವ ಆಮ್ಲಜನಕದ ಅಳತೆಗೆ ಬಿಒಡಿ ಎನ್ನುತ್ತಾರೆ. ಮನೆಗಳ ಒಳಚರಂಡಿ ನೀರಿನ ಬಿಒಡಿ ಲೀಟರಿಗೆ ಸುಮಾರು 200–400 ಮಿ.ಗ್ರಾಂ. ದನದ ಬಗ್ಗಡದ್ದು (ಸಗಣಿ-ಗಂಜಲ ಕಲಸಿದ ನೀರು) 10,000–20,000, ಸೈಲೇಜ್ (ಹುಳಿ ಬರಿಸಿದ ಹಸಿಮೇವು) ಗುಂಡಿಯಿಂದ ಸೋರುವ ರಸದ್ದು 30,000–80,000! ಆ ಪೈಪಿಗೆ ಸೈಲೇಜ್ ರಸವೂ ಕೂಡುತ್ತಿದೆಯೇ, ಮೊದಲು ಅದನ್ನು ನೋಡಿ.

ಮಾದರಿಯನ್ನು ಪೈಪಿನ ಮೇಲ್ಗಡೆ, ಬೂದು ಭಾಗ, ಹಸಿರು ಭಾಗ ಹೀಗೆ ಮೂರು ಕಡೆ ತೆಗೆಯಿರಿ. ಬಿಒಡಿ, ಅಮೋನಿಯಾ, ನೈಟ್ರೇಟ್, ಒಟ್ಟು ರಂಜಕ, ಕರಗಿದ ಫಾಸ್ಫೇಟ್ (ನೀರಿನಲ್ಲಿ ಕರಗಿದ ರಂಜಕ) ಪರೀಕ್ಷೆ ಮಾಡಿಸಿ. ಫಾಸ್ಫೇಟ್ ಮಾದರಿಯನ್ನು ಹಳ್ಳದ ಪಕ್ಕದಲ್ಲೇ 0.45 ಮೈಕ್ರಾನ್ ಜಾಲಿಯಲ್ಲಿ ಸೋಸಿ ಐಸಿನಲ್ಲಿಡಿ. ಬಾಟಲಿಯನ್ನು ಸೋಪಿನಲ್ಲಿ ತೊಳೆದಿದ್ದರೆ ಸೋಪಿನ ಫಾಸ್ಫೇಟೇ ಲೆಕ್ಕಕ್ಕೆ ಬಂದೀತು.

ಪ್ರಶ್ನೆ ಕೇಳಿದವರು:
ಪೈಪಿಗೂ ಹಳ್ಳಕ್ಕೂ ನಡುವೆ 10 ಮೀಟರ್ ಹುಲ್ಲಿನ ಪಟ್ಟಿ ಬೆಳೆಸಿದರೆ ಸಾಲದೇ?

ಉತ್ತರ 3:
ಸಾಲದು. ಹುಲ್ಲು ಹಿಡಿಯುವುದು ಮಣ್ಣು-ಸಗಣಿಗೆ ಅಂಟಿದ ರಂಜಕವನ್ನು. ಕರಗಿದ್ದರಲ್ಲಿ ಬಹುಪಾಲು ದಾಟಿ ಹೋಗುತ್ತದೆ. ಅದೂ ಪೈಪಿನ ನೀರು ಒಂದೇ ಕಾಲುವೆ ಕೊರೆದುಕೊಂಡರೆ ಪಟ್ಟಿ ಇದ್ದೂ ಇಲ್ಲದಂತೆ. ಮೊದಲು ಪೈಪು ಮುಚ್ಚಿ, ತೊಳೆದ ನೀರನ್ನು ತೊಟ್ಟಿಯಲ್ಲಿ ಕೂಡಿಡಿ. ಸಗಣಿಯನ್ನು ಒಣದಾಗಿಯೇ ಬಾಚಿ ತೆಗೆದು ಆಮೇಲೆ ತೊಳೆಯಿರಿ, ಚಾವಣಿಯ ಮಳೆನೀರನ್ನು ಬೇರೆ ಮಾಡಿ. ಇಲ್ಲವಾದರೆ ತೊಟ್ಟಿ ಒಂದೇ ಮಳೆಗೆ ತುಂಬಿ ಹರಿಯುತ್ತದೆ. ತೊಟ್ಟಿಯ ಬಗ್ಗಡವನ್ನು ಹೊಲಕ್ಕೆ ಹಾಯಿಸುವಾಗ ಮಳೆಯ ಮುನ್ಸೂಚನೆ ನೋಡಿಕೊಳ್ಳಿ.

ಪೈಪು ನಿಂತರೆ ಬೂದು ಲೋಳೆ ಬೇಗ ಹೋಗುತ್ತದೆ. ಹಸಿರು ಪಾಚಿ ಮಾತ್ರ ಅಷ್ಟು ಸುಲಭಕ್ಕೆ ಹೋಗದು, ತಳದ ಕೆಸರಿನಲ್ಲಿ ಕೂತ ರಂಜಕ ಬಿಡುಗಡೆಯಾಗುತ್ತಲೇ ಇರುತ್ತದೆ. ದಂಡೆಯಲ್ಲಿ ಮರಗಳಿದ್ದರೆ ಕಡಿಯಬೇಡಿ, ನೆರಳಿದ್ದಲ್ಲಿ ಹಸಿರು ಪಾಚಿ ಅಷ್ಟಾಗಿ ಹಬ್ಬುವುದಿಲ್ಲ.