ಕಬ್ಬಿನ ಸೋಗೆ, ಕಣಕಿ, ಹಿಂಡಿ: ಹೈನು ದನಗಳ ಸಮತೋಲಿತ ಆಹಾರ ಕುರಿತ ಪ್ರಶ್ನೋತ್ತರ

ಪ್ರಶ್ನೆ (ಜಮಖಂಡಿ ತಾಲ್ಲೂಕಿನ ರೈತರು):
ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನಮ್ಮ ಕೊಟ್ಟಿಗೆಯಲ್ಲಿ ಹಾಲು ಕೊಡುವ ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಆಕಳುಗಳು, ಎಂಟು ತಿಂಗಳ ಗಬ್ಬದ ಒಂದು ಮುರ್ರಾ ಎಮ್ಮೆ, ಎರಡು ಮಣಕಗಳು (ಇನ್ನೂ ಈಯದ ಎಳೆಯ ಹೆಣ್ಣು ದನಗಳು) ಹಾಗೂ ಒಂದು ಜೋಡಿ ಖಿಲಾರಿ ಎತ್ತುಗಳಿವೆ. ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಹಸಿ ಸೋಗೆಯನ್ನು, ಉಳಿದ ದಿನಗಳಲ್ಲಿ ಜೋಳದ ಕಣಕಿಯನ್ನು (ಒಣ ದಂಟನ್ನು) ಹೊಟ್ಟೆ ತುಂಬ ಹಾಕುತ್ತೇವೆ. ಜೊತೆಗೆ ಪ್ರತಿಯೊಂದಕ್ಕೂ ದಿನಕ್ಕೆ ಎರಡು ಕಿಲೋ ಹತ್ತಿಕಾಳು ಹಿಂಡಿ. 12 ಲೀಟರ್ ಕೊಡುತ್ತಿದ್ದ ಆಕಳು 8 ಲೀಟರಿಗೆ ಇಳಿದಿದೆ. ಇನ್ನೊಂದು ಆಕಳು ಮೂರು ಸಲ ಕೃತಕ ಗರ್ಭಧಾರಣೆ ಮಾಡಿಸಿದರೂ ಗಬ್ಬ ನಿಲ್ಲುತ್ತಿಲ್ಲ. ಹಿಂಡಿಯನ್ನು ಹೆಚ್ಚಿಸಬೇಕೇ?

ಉತ್ತರ (ಪಶುವೈದ್ಯರು):
ನಮಸ್ಕಾರ. ಹಿಂಡಿಯನ್ನು ಹೆಚ್ಚಿಸುವ ಮೊದಲು, ಈಗ ಹಾಕುತ್ತಿರುವುದನ್ನು ಯಾವ ದನಕ್ಕೆ ಎಷ್ಟು ಹಾಕಬೇಕೆಂದು ವಿಂಗಡಿಸಬೇಕು. ಕೆಲಸವಿಲ್ಲದೆ ಕಟ್ಟಿದ ಎತ್ತಿಗೂ 12 ಲೀಟರ್ ಹಿಂಡುವ ಆಕಳಿಗೂ ಒಂದೇ ಅಳತೆಯ ಹಿಂಡಿ ಹೋದರೆ ಎತ್ತಿನ ಪಾಲಿನದು ವ್ಯರ್ಥವಾಗುತ್ತದೆ, ಆಕಳು ತನ್ನ ಮೈಯನ್ನೇ ಕರಗಿಸಿ ಹಾಲು ಕೊಡುತ್ತದೆ. ಮೈ ಕರಗಿದ ಆಕಳು ಸಕಾಲಕ್ಕೆ ಬೆದೆಗೆ ಬರುವುದಿಲ್ಲ, ಬಂದರೂ ಗಬ್ಬ ನಿಲ್ಲುವುದು ಕಷ್ಟ.

ಲೆಕ್ಕವು ತೂಕದಿಂದ ಆರಂಭವಾಗುತ್ತದೆ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗಿನ ಉದ್ದವನ್ನೂ ಟೇಪಿನಿಂದ ಇಂಚಿನಲ್ಲಿ ಅಳೆದುಕೊಳ್ಳಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ತೂಕ ಕಿಲೋದಲ್ಲಿ ಸಿಗುತ್ತದೆ. ಸುತ್ತಳತೆ 68, ಉದ್ದ 60 ಇಂಚು ಇದ್ದರೆ ಆಕಳು ಸುಮಾರು 420 ಕಿಲೋ ತೂಗುತ್ತದೆ.

ಹಾಲು ಕೊಡುವ ಮಿಶ್ರತಳಿ ಆಕಳಿಗೆ ಪ್ರತಿ 100 ಕಿಲೋ ತೂಕಕ್ಕೆ ಎರಡೂವರೆಯಿಂದ ಮೂರು ಕಿಲೋ ಒಣಪದಾರ್ಥ, ಅಂದರೆ ನೀರಿನ ಅಂಶವನ್ನು ಬಿಟ್ಟು ಉಳಿಯುವ ಮೇವು, ಬೇಕಾಗುತ್ತದೆ. ಹಸಿ ಮೇವಿನಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ನೀರೇ ಇರುವುದರಿಂದ, ಗೋದಲಿ ತುಂಬ ಹಸಿರು ಕಂಡರೂ ಹೊಟ್ಟೆಗೆ ಬಿದ್ದದ್ದು ಕಡಿಮೆಯಾಗಿರಬಹುದು. ಪಶು ಆಹಾರದ ಮಿಶ್ರಣವನ್ನು ಶರೀರ ಪೋಷಣೆಗೆಂದು ಒಂದರಿಂದ ಒಂದೂವರೆ ಕಿಲೋ ಕೊಟ್ಟು, ಅದರ ಮೇಲೆ ಆಕಳಿಗೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ, ಎಮ್ಮೆಗೆ ಪ್ರತಿ ಎರಡು ಲೀಟರಿಗೆ ಒಂದು ಕಿಲೋ ಸೇರಿಸಬೇಕು. ಅದರಂತೆ 400 ಕಿಲೋ ತೂಕದ, 12 ಲೀಟರ್ ಕೊಡುವ ಆಕಳಿಗೆ ದಿನಕ್ಕೆ ಸುಮಾರು 6 ಕಿಲೋ ಮಿಶ್ರಣ, 15 ಕಿಲೋ ಹಸಿ ಮೇವು ಹಾಗೂ 4 ಕಿಲೋ ಕಣಕಿ ಬೇಕು. ನೀವು ಕೊಡುತ್ತಿರುವ ಎರಡು ಕಿಲೋ ಎಲ್ಲಿ, ಇದೆಲ್ಲಿ! ನಿಮ್ಮ ಎಮ್ಮೆ ಹಾಲು ಬತ್ತಿಸಿದ್ದರೂ ಹೊಟ್ಟೆಯ ಕರು ಭರದಿಂದ ಬೆಳೆಯುವ ಕಾಲವಾದ್ದರಿಂದ ಅದಕ್ಕೆ ಎರಡೂವರೆಯಿಂದ ಮೂರು ಕಿಲೋ ಮಿಶ್ರಣ ಇರಲಿ. ಮಣಕಗಳಿಗೆ ವಯಸ್ಸು ನೋಡಿಕೊಂಡು ಒಂದೂವರೆ ಕಿಲೋದಷ್ಟು ಸಾಕು. ಎತ್ತುಗಳಿಗೆ ಗಳೆ ಹೂಡುವ ದಿನಗಳಲ್ಲಿ ಎರಡು ಕಿಲೋ ಕೊಟ್ಟು, ಬಿಡುವಿನಲ್ಲಿ ಒಳ್ಳೆಯ ಮೇವಿನ ಮೇಲೆಯೇ ಇಡಬಹುದು.

ಬರೀ ಹತ್ತಿಕಾಳು ಹಿಂಡಿ ಮಿಶ್ರಣವಾಗುವುದಿಲ್ಲ. ನಮ್ಮ ಭಾಗದಲ್ಲಿ ಸಿಗುವ ಸಾಮಗ್ರಿಯಿಂದಲೇ 100 ಕಿಲೋ ತಯಾರಿಸುವುದಾದರೆ ಗೋವಿನ ಜೋಳದ ನುಚ್ಚು 35, ಶೇಂಗಾ ಹಿಂಡಿ 20, ಗೋಧಿ ಬೂಸಾ 20, ಹತ್ತಿಕಾಳು ಹಿಂಡಿ 12, ತೊಗರಿ ನುಚ್ಚು-ಹೊಟ್ಟು 10, ಖನಿಜ ಮಿಶ್ರಣ 2 ಹಾಗೂ ಉಪ್ಪು 1 ಕಿಲೋ ಹಾಕಿರಿ. ಮಿಶ್ರಣ ಸಿಗದ ದನಗಳಿಗೆ ಖನಿಜವನ್ನು ದಿನಕ್ಕೆ 50 ಗ್ರಾಂ, ಉಪ್ಪನ್ನು 30 ಗ್ರಾಂ ಬೇರೆಯಾಗಿ ಕೊಡಬೇಕು. ಶೇಂಗಾ ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿರಿ; ಆ ಬೂಷ್ಟಿನ ಅಫ್ಲಾಟಾಕ್ಸಿನ್ ವಿಷವು ದನದ ಯಕೃತ್ತನ್ನು ಕೆಡಿಸುವುದಲ್ಲದೆ ಹಾಲಿಗೂ ಇಳಿಯುತ್ತದೆ.

ಇನ್ನು ಸೋಗೆಯ ವಿಷಯ. ಕೃಷ್ಣಾ, ಘಟಪ್ರಭಾ ದಂಡೆಯ ಕಬ್ಬಿನ ಸೀಮೆಯಲ್ಲಿ ನಾನು ಕಾಣುವ ಅರ್ಧಕ್ಕರ್ಧ ತೊಂದರೆಗಳ ಬೇರು ಇಲ್ಲಿದೆ. ಸೋಗೆಯಲ್ಲಿ ಪ್ರೋಟೀನು ಕಡಿಮೆ. ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶವು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ದನದ ಮೈಗೆ ಹತ್ತಗೊಡುವುದಿಲ್ಲ. ಪುಕ್ಕಟೆ ಸಿಗುತ್ತದೆಂದು ತಿಂಗಳುಗಟ್ಟಲೆ ಅದೊಂದನ್ನೇ ಹಾಕಿದರೆ ಹಾಲಿನ ಮೂಲಕ ದಿನವೂ ಕ್ಯಾಲ್ಸಿಯಂ ಕಳೆದುಕೊಳ್ಳುವ ಆಕಳಿಗೆ ಅದು ದುಬಾರಿಯ ಮೇವೇ ಸರಿ. ಹಸಿ ಮೇವಿನಲ್ಲಿ ಸೋಗೆ ಅರ್ಧವನ್ನು ಮೀರದಿರಲಿ. ಉಳಿದರ್ಧಕ್ಕೆ ನೇಪಿಯರ್ ಹುಲ್ಲಿನೊಡನೆ ಕುದುರೆ ಮೆಂತ್ಯ ಅಥವಾ ಅಲಸಂದೆಯಂಥ ದ್ವಿದಳ ಮೇವನ್ನು ಕತ್ತರಿಸಿ ಬೆರೆಸಿರಿ. ನೀರಾವರಿ ಇರುವ ನೀವು ಕುದುರೆ ಮೆಂತ್ಯಕ್ಕೆ ಐದಾರು ಗುಂಟೆಯನ್ನಾದರೂ ಬಿಡಲೇಬೇಕು, ಏಕೆಂದರೆ ಅಂಥ ಹಸಿ ದ್ವಿದಳ ಮೇವು ಸುಮಾರು 8 ಕಿಲೋ ಹಾಕಿದರೆ ಒಂದು ಕಿಲೋ ಮಿಶ್ರಣ ಉಳಿಯುತ್ತದೆ. ಆದರೆ ಈಯುವ ಮುಂಚಿನ ಎರಡು-ಮೂರು ವಾರ ಎಮ್ಮೆಗೆ ಕುದುರೆ ಮೆಂತ್ಯವನ್ನೂ ಕ್ಯಾಲ್ಸಿಯಂ ಔಷಧವನ್ನೂ ಹೆಚ್ಚಾಗಿ ಕೊಡಬೇಡಿರಿ. ಆಗ ಹೊರಗಿನಿಂದ ಅತಿಯಾಗಿ ಕೊಟ್ಟರೆ ಈದ ಮೇಲೆ ತನ್ನ ಎಲುಬಿನ ಕ್ಯಾಲ್ಸಿಯಂ ಅನ್ನು ತಕ್ಷಣ ಬಳಸಿಕೊಳ್ಳಲಾಗದೆ ಅದು ಹಾಲುಜ್ವರಕ್ಕೆ, ಅಂದರೆ ರಕ್ತದ ಕ್ಯಾಲ್ಸಿಯಂ ಕುಸಿದು ದನ ನೆಲ ಹಿಡಿಯುವ ರೋಗಕ್ಕೆ, ಬೀಳಬಹುದು.

ಪ್ರಶ್ನೆ (ಇಂಡಿ ತಾಲ್ಲೂಕಿನಿಂದ):
ಸಾಹೇಬರೇ, ನಮ್ಮದು ಮಳೆಯಾಶ್ರಿತ ಎರೆ ಹೊಲ. ಬಣವಿಯಲ್ಲಿರುವ ಮಾಲದಂಡಿ ಜೋಳದ ಕಣಕಿಯನ್ನು ಬಿಟ್ಟರೆ ಬೇಸಿಗೆಯಲ್ಲಿ ಹಸಿರಿನ ಗರಿಯೂ ಸಿಗುವುದಿಲ್ಲ. ನಾವೇನು ಮಾಡಬೇಕು?

ಉತ್ತರ:
ಕಣಕಿಯನ್ನೇ ಸುಧಾರಿಸಿಕೊಳ್ಳಬಹುದು. ಕತ್ತರಿಸಿದ 100 ಕಿಲೋ ಕಣಕಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರು ಪದರಾಗಿ ಹರಡಿದ ಮೇವಿನ ಮೇಲೆ ಸಮನಾಗಿ ಚಿಮುಕಿಸುತ್ತ, ಪ್ರತಿ ಪದರನ್ನೂ ಚೆನ್ನಾಗಿ ತುಳಿದು, ಕೊನೆಗೆ ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ 21 ದಿನ ಬಿಡಬೇಕು. ತೆಗೆದಾಗ ಮೇವು ಮೆತ್ತಗಾಗಿ, ಬಣ್ಣ ಕಂದಾಗಿ, ಮೂಗಿಗೆ ಅಡರುವ ಅಮೋನಿಯಾ ವಾಸನೆ ಬರುತ್ತದೆ. ಆ ದಿನಕ್ಕೆ ಬೇಕಾದಷ್ಟನ್ನು ಹರವಿ, ವಾಸನೆ ಆರಿದ ಮೇಲೆ ಹಾಕಿರಿ. ಆರು ತಿಂಗಳೊಳಗಿನ ಕರುಗಳಿಗೆ ಇದು ಬೇಡ. ಯೂರಿಯಾ ಕಲಸಿದ ನೀರನ್ನು ದನಕ್ಕೆ ನಿಲುಕುವಂತೆ ಇಡುವುದಂತೂ ಸಲ್ಲದು. ಒಂದು ಗುಟುಕು ಹೆಚ್ಚಾದರೂ ಪ್ರಾಣಕ್ಕೆ ಕುತ್ತು. ಬದುವಿನ ಮೇಲೆ ಚೊಗಚೆ, ನುಗ್ಗೆ ಹಚ್ಚಿಕೊಂಡರೆ ಬೇಸಿಗೆಗೆ ನಾಲ್ಕು ಹಿಡಿ ಹಸಿರು ಸೊಪ್ಪು ಸಿಗುತ್ತದೆ. ಮಳೆ ಬಿದ್ದ ಮೇಲೆ ಕೂಳೆ ಜೋಳದ (ಕೊಯ್ದ ಬುಡದಿಂದ ಮತ್ತೆ ಚಿಗುರುವ ಜೋಳದ) ಎಳೆ ಚಿಗುರಿಗೆ ಮಾತ್ರ ದನಗಳನ್ನು ಬಿಡಬೇಡಿರಿ, ಅದರಲ್ಲಿ ಸಯನೈಡ್ ವಿಷವಿರುತ್ತದೆ.

ಮರುಪ್ರಶ್ನೆ (ಜಮಖಂಡಿಯವರು):
ನಾಳೆಯಿಂದಲೇ 6 ಕಿಲೋ ಆರಂಭಿಸಬಹುದೇ? ಮೇವು ಹೊಂದುತ್ತಿದೆಯೆಂದು ತಿಳಿಯುವುದು ಹೇಗೆ?

ಉತ್ತರ:
ಬೇಡ. ಮೇವನ್ನು ಅರಗಿಸುವ ಹೊಟ್ಟೆಯ ಸೂಕ್ಷ್ಮಜೀವಿಗಳು ಹೊಸ ಆಹಾರಕ್ಕೆ ಒಗ್ಗಲು ದಿನಗಳು ಬೇಕು. ಏಕಾಏಕಿ ಹೆಚ್ಚಿಸಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ ದನ ಮೇವು ಬಿಡುತ್ತದೆ. ಹತ್ತು-ಹನ್ನೆರಡು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಿ, ಬೆಳಿಗ್ಗೆ ಸಂಜೆ ಎರಡು ಪಾಲು ಮಾಡಿ ಕೊಡಿರಿ. ನೀರು ಸದಾ ಗೋದಲಿಯ ಬಳಿ ಇರಲಿ. ಸೆಗಣಿಯನ್ನು ದಿನವೂ ನೋಡಿರಿ. ನೀರಾಗಿ ಹರಿದರೆ ಮಿಶ್ರಣ ಹೆಚ್ಚಾಗಿದೆ ಇಲ್ಲವೆ ಒಣ ಮೇವು ಸಾಲದು. ಗಟ್ಟಿ ಉಂಡೆಯಾದರೆ ಪ್ರೋಟೀನು ಅಥವಾ ನೀರು ಕಡಿಮೆ. ಗೋವಿನ ಜೋಳದ ಕಾಳು ಇಡಿಯಾಗಿ ಕಂಡರೆ ನುಚ್ಚನ್ನು ಇನ್ನೂ ಸಣ್ಣಗೆ ಒಡೆಸಿರಿ. ಗಬ್ಬ ನಿಲ್ಲದ ಆಕಳನ್ನು ಮೇವಿನ ಮೇಲೆಯೇ ಭಾರ ಹಾಕಿ ಕಾಯಬೇಡಿರಿ. ಗರ್ಭಕೋಶದ ಸೋಂಕು ಇದೆಯೇ ಎಂದು ಮುಂದಿನ ಬೆದೆಗೆ ಮೊದಲೇ ಹತ್ತಿರದ ಪಶು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿರಿ.