ಗುರುವಾರ ರಾತ್ರಿಯ ಹೊಟ್ಟೆನೋವು

(ಇಂಗ್ಲೆಂಡಿನ ಕನ್ನಡಿಗರ ಗುಂಪಿನಲ್ಲಿ ಬಂದ ಸಂದೇಶಗಳು)

ರೆಡಿಂಗ್, ತಾಯಿ: ನಮಸ್ಕಾರ. ಮಗನಿಗೆ 8 ವರ್ಷ, ಇಯರ್ 4. ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು) ಇರಬಹುದೆಂದು ಶಾಲೆಯವರೇ ಹೇಳಿದರು. ಖಾಸಗಿ ತಪಾಸಣೆಯ ವರದಿ ಇನ್ನೂ ಬಂದಿಲ್ಲ. ಶುಕ್ರವಾರ 10 ಪದಗಳ ಸ್ಪೆಲ್ಲಿಂಗ್ ಪರೀಕ್ಷೆ, ಗುರುವಾರ ರಾತ್ರಿಯೇ ಹೊಟ್ಟೆನೋವು. ಮೊನ್ನೆ ಗಟ್ಟಿಯಾಗಿ ಓದಲು ಹೇಳಿದ್ದಕ್ಕೆ ಮೇಜಿನ ಕೆಳಗೆ ಹೋಗಿ ಕುಳಿತನಂತೆ. ರೈಲು ನಿಲ್ದಾಣದಲ್ಲಿ Reading ಎಂಬ ಊರ ಫಲಕ ತೋರಿಸಿ ಕೇಳುತ್ತಾನೆ: "ಅಮ್ಮ, ಇಲ್ಲಿ ರೀಡಿಂಗ್ ಎಂದರೆ ತಪ್ಪು. ಪುಸ್ತಕದಲ್ಲಿ ಅವೇ ಅಕ್ಷರಗಳನ್ನು ರೆಡಿಂಗ್ ಎಂದರೂ ತಪ್ಪು. ನಾನು ಪೆದ್ದನೋ, ಈ ಊರು ಪೆದ್ದೋ?" ತರಗತಿಯಲ್ಲಿ ಅವನಿಗೆ ಮತ್ತೆ ಹುಮ್ಮಸ್ಸು ಬರಲು ಏನು ಮಾಡಲಿ?

ಲೀಡ್ಸ್, ಸಹಾಯಕ ಶಿಕ್ಷಕಿ: ವರದಿಗೆ ಕಾಯಬೇಡಿ. ವಿಶೇಷ ನೆರವು ಬೇಕಾದ ಮಕ್ಕಳ ಕುರಿತ 2015ರ ಸರ್ಕಾರಿ ಮಾರ್ಗಸೂಚಿಯಂತೆ ನೆರವು ಕೊಡಲು ಶಾಲೆಗೆ ಆ ಕಾಗದ ಬೇಕಿಲ್ಲ. ಸೆಂಕೋ, ಅಂದರೆ ಶಾಲೆಯಲ್ಲಿ ಅಂಥ ಮಕ್ಕಳ ನೆರವನ್ನು ನೋಡಿಕೊಳ್ಳುವ ಶಿಕ್ಷಕರು, ಅವರಿಗೆ ಇಮೇಲ್ ಬರೆಯಿರಿ. ಗೇಟಿನ ಬಳಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ಗಟ್ಟಿಯಾಗಿ ಓದಿಸಲೇಬೇಕಿದ್ದರೆ ಆ ಪ್ಯಾರಾ ಹಿಂದಿನ ದಿನವೇ ಮನೆಗೆ ಬರಲಿ. 10 ಪದಗಳ ಬದಲು ಒಂದೇ ಧ್ವನಿಯ 4 ಪದ ಸಾಕು. ವಿಜ್ಞಾನದ ಉತ್ತರ ಬಾಯಲ್ಲಿ ಹೇಳಲಿ. ನಮ್ಮ ಹುಡುಗನೊಬ್ಬ ಜ್ವಾಲಾಮುಖಿಯ ಬಗ್ಗೆ ಎರಡು ಸಾಲು ಬರೆಯಲು ಅರ್ಧ ಗಂಟೆ ಒದ್ದಾಡುತ್ತಿದ್ದ. ರೆಕಾರ್ಡರ್ ಕೊಟ್ಟಾಗ ಏಳು ನಿಮಿಷ ಉಸಿರು ಬಿಡದೆ ಹೇಳಿದ. ಸುಮ್ಮನೆ "ಶಭಾಷ್" ಎನ್ನಬೇಡಿ, ಸುಳ್ಳು ಹೊಗಳಿಕೆ ಮಕ್ಕಳಿಗೆ ತಕ್ಷಣ ತಿಳಿಯುತ್ತದೆ. ಜೂನ್‌ನಲ್ಲಿ ಮಗ್ಗಿಯ ಪರೀಕ್ಷೆಯೂ ಇದೆ: 25 ಪ್ರಶ್ನೆ, ತಲಾ 6 ಸೆಕೆಂಡ್. ಪ್ರಶ್ನೆಗಳ ನಡುವೆ ಬಿಡುವು ಕೊಡುವ ಏರ್ಪಾಡನ್ನು ಈಗಲೇ ಕೇಳಿಡಿ.

ಹ್ಯಾರೋ, ಹಿರಿಯ ಸದಸ್ಯರು: ಇದು ಇಂಗ್ಲಿಷ್ ತಂದಿಟ್ಟ ಕಾಯಿಲೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ನಮ್ಮ ತರಗತಿಯಲ್ಲಿ 58 ಮಕ್ಕಳು, ಒಬ್ಬರಿಗೂ ಡಿಸ್ಲೆಕ್ಸಿಯಾ ಇರಲಿಲ್ಲ. ಭಾನುವಾರದ ಕನ್ನಡ ಶಾಲೆಗೆ ಕಳುಹಿಸಿ, ಆರು ತಿಂಗಳಲ್ಲಿ ಸರಿಹೋಗುತ್ತಾನೆ. ನನ್ನ ಇಬ್ಬರೂ ಮಕ್ಕಳು ಅಲ್ಲಿ ಕಲಿತೇ ಡಾಕ್ಟರಾದರು. ಇದನ್ನು ಹಿಂದೆಯೂ ಬರೆದಿದ್ದೇನೆ.

ಮಿಲ್ಟನ್ ಕೀನ್ಸ್: ಆ 58ರಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರೆಷ್ಟು ಸಾರ್? ಹಿಂದಿನ ಬೆಂಚಿಗೆ ತಳ್ಳಿದ "ದಡ್ಡ"ರ ಲೆಕ್ಕ ಇಟ್ಟಿದ್ದೀರಾ? ನನ್ನ ಮಗಳು ಕನ್ನಡದಲ್ಲೂ ತಡವರಿಸುತ್ತಾಳೆ. ಪ, ಫ, ಷ ಒಂದೇ ಆಗುತ್ತವೆ, ಒತ್ತಕ್ಷರ ಬಂದರೆ ಹಾರಿಸಿಬಿಡುತ್ತಾಳೆ.

ಹ್ಯಾರೋ: ಕಲಿಸುವ ಕ್ರಮ ತಪ್ಪು. ಮರಳಿನ ಮೇಲೆ ತಿದ್ದಿಸಿ. ನಮ್ಮ ತಾತ ಹಾಗೆಯೇ ಕಲಿತವರು.

ಲೀಡ್ಸ್: ಮರಳಿನ ಮಾತು ಒಪ್ಪಿದೆ, ಇಲ್ಲಿಯೂ ತಟ್ಟೆಯಲ್ಲಿ ಮರಳು ಹರಡಿ ಕಲಿಸುವವರಿದ್ದಾರೆ. ಆದರೆ ಮೊದಲು ಸೆಂಕೋ.

ಸ್ಲೌ: ಕನ್ನಡ ಶಾಲೆಯ ಶುಲ್ಕ ಈ ವರ್ಷ ಏಕೆ ಏರಿತು?

ಹ್ಯಾರೋ: ಸಭಾಂಗಣದ ಬಾಡಿಗೆ ಏರಿದೆ. ಶುಲ್ಕದ ಚರ್ಚೆ ಇಲ್ಲಿ ಬೇಡ.

ಬರ್ಮಿಂಗ್‌ಹ್ಯಾಮ್, ತಂದೆ: ನನ್ನ ಮಗನಿಗೀಗ 26. ಚಿಕ್ಕವನಿದ್ದಾಗ ದಿನವೂ ರಾತ್ರಿ ಅಡುಗೆಮನೆಯ ಮೇಜಿಗೆ ಕುಳ್ಳಿರಿಸಿ ಓದಿಸುತ್ತಿದ್ದೆ, ಕೈಯಲ್ಲಿ ಸ್ಕೇಲು. ಈಗ ಎಲೆಕ್ಟ್ರಿಷಿಯನ್, ಚೆನ್ನಾಗಿ ದುಡಿಯುತ್ತಾನೆ. ನಾನು ಎಷ್ಟುದ್ದ ಬರೆದು ಕಳುಹಿಸಿದರೂ ಅವನ ಉತ್ತರ ಧ್ವನಿ ಸಂದೇಶ, ನಾಲ್ಕೈದು ಸೆಕೆಂಡಿನದು. ಮನೆಗೆ ಬಂದರೆ ಆ ಮೇಜಿಗೆ ಕುಳಿತುಕೊಳ್ಳುವುದಿಲ್ಲ. ತಟ್ಟೆ ಹಿಡಿದು ನಿಂತೇ ಉಣ್ಣುತ್ತಾನೆ.

ಹ್ಯಾರೋ: ಎಲೆಕ್ಟ್ರಿಷಿಯನ್ನರಿಗೆ ಇಲ್ಲಿ ಒಳ್ಳೆಯ ಸಂಪಾದನೆ, ಚಿಂತೆ ಬೇಡ. ಕನ್ನಡ ಶಾಲೆ ಬೆಳಿಗ್ಗೆ 10ಕ್ಕೆ.

ರೆಡಿಂಗ್, ತಾಯಿ: ಎಲ್ಲರಿಗೂ ಧನ್ಯವಾದ. ಸೆಂಕೋ ಅವರಿಗೆ ಬರೆದ ಪತ್ರದ ಮಾದರಿ ಯಾರ ಬಳಿಯಾದರೂ ಇದೆಯೇ? ನಾಳೆ ಗುರುವಾರ.

ನಿರ್ವಾಹಕರು: ರಾಜ್ಯೋತ್ಸವದ ಊಟಕ್ಕೆ ಹೆಸರು ಕೊಡದವರು ಇಂದು ರಾತ್ರಿಯೊಳಗೆ ಕೊಡಿ. ಮಕ್ಕಳ ಲೆಕ್ಕ ಬೇರೆ ಬರೆಯಿರಿ.