ಎಲ್ಲಾ ತಾನಾಗಿ ನಡೆಯುತ್ತೆ

"ಮದುವೆಗೆ ನನಗೆ ಬರುವುದಕ್ಕೆ ಆಗುವುದಿಲ್ಲ ಭಟ್ರೆ" ಅಂದ ಸೀನ.

ಭಟ್ರು ಗಾಬರಿಯಾದರು. ಅವರ ತಮ್ಮನ ಮಗಳ ಮದುವೆ, ಶಿರಸಿಯಲ್ಲಿ. ಸೀನನ ಕಾರು ನಂಬಿಕೊಂಡೇ ಎಲ್ಲರೂ ಹೊರಟಿದ್ದು. "ಯಾಕೋ? ಆರೋಗ್ಯ ಸರಿ ಇಲ್ವಾ?"

"ಆರೋಗ್ಯ ಚೆನ್ನಾಗಿದೆ. ಸೈಫನ್ ಸರಿ ಇಲ್ಲ."

ವಾರಿಜಕ್ಕ ಕಾಫಿ ಲೋಟ ಕೆಳಗಿಟ್ಟರು. "ಅದು ಎಲ್ಲಿರುತ್ತದೆ ಮಾರಾಯ? ಹೊಟ್ಟೆಯಲ್ಲಾ?"

"ತಾರಸಿಯಲ್ಲಿ" ಅಂದರು ಶಾಮಣ್ಣ. "ನಿಮಗೆ ಗೊತ್ತಿಲ್ವಾ? ಸೀನ ಮೇಲೆ ಅಕ್ವಾಪೋನಿಕ್ಸ್ ಮಾಡಿದ್ದಾನೆ. ಮೀನಿನ ನೀರು ಗಿಡಕ್ಕೆ, ಗಿಡದ ನೀರು ಮೀನಿಗೆ. ಇವನು ಏನೂ ಮಾಡಬೇಕಾಗಿಲ್ಲ. ಎಲ್ಲಾ ತಾನಾಗಿ ನಡೆಯುತ್ತೆ. ಅದಕ್ಕೇ ಇವನು ಮನೆ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ."

"ನೀವು ತಮಾಷೆ ಮಾಡುತ್ತೀರಿ ಶಾಮಣ್ಣ. ನಿಜವಾಗಲೂ ಅದು ತಾನಾಗಿ ನಡೆಯುವಂಥದ್ದೇ. ಮೀನಿನ ಗಲೀಜಿನಿಂದ ಅಮೋನಿಯಾ ಬರುತ್ತೆ. ಗಿಡದ ತೊಟ್ಟಿಯ ಜಲ್ಲಿಯಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಮಾಡುತ್ತೆ, ಆಮೇಲೆ ನೈಟ್ರೇಟ್. ಅದನ್ನು ಪಾಲಕ್ ಹೀರಿಕೊಳ್ಳುತ್ತೆ. ಚೊಕ್ಕ ಆದ ನೀರು ಮೀನಿಗೆ ವಾಪಸ್. ಹೊಲದಲ್ಲಿ ಬೆಳೆಯುವುದಕ್ಕಿಂತ ಶೇಕಡಾ 90ರಷ್ಟು ನೀರು ಉಳಿಯುತ್ತೆ ಅಂತಾರೆ."

"ಪಾಲಕ್ ಎಷ್ಟು ಬಂತು?" ವಾರಿಜಕ್ಕನ ಲೆಕ್ಕ ಯಾವಾಗಲೂ ನೇರ.

"ಬರುತ್ತೆ. ಬ್ಯಾಕ್ಟೀರಿಯಾ ಬಂದು ನೆಲೆಯೂರುವುದಕ್ಕೇ ತಿಂಗಳು, ಒಂದೂವರೆ ತಿಂಗಳು ಬೇಕು."

"ಅಡ್ವಾನ್ಸ್ ಎಷ್ಟು ತಗೊಂಡೆ ಅವರ ಹತ್ತಿರ?" ಅಂದರು ಶಾಮಣ್ಣ.

ಸೀನ ಕೇಳಿಸದವನ ಹಾಗೆ ಮುಂದುವರಿಸಿದ. "ಕಷ್ಟ ಇರುವುದು ಹರಿವಿನಲ್ಲಿ. ಗಿಡದ ತೊಟ್ಟಿಯಲ್ಲಿ ನೀರು ಮೆಲ್ಲಗೆ ಏರಬೇಕು. ನಡುವೆ ಒಂದು ನೆಟ್ಟಗೆ ನಿಂತ ಪೈಪು. ಅದರ ಮೇಲೆ ಬೋರಲು ಹಾಕಿದ ಇನ್ನೊಂದು ದಪ್ಪ ಪೈಪು, ತಲೆ ಮುಚ್ಚಿದ್ದು. ಇದೇ ಸೈಫನ್. ನೀರು ಒಳಗಿನ ಪೈಪಿನ ಬಾಯಿ ದಾಟಿದ ಕೂಡಲೇ ಗಳಗಳ ಅಂತ ಎಳೆದುಕೊಂಡು ಇಡೀ ತೊಟ್ಟಿ ಕೆಳಗೆ ಮೀನಿನ ಟ್ಯಾಂಕಿಗೆ ಖಾಲಿ ಆಗಬೇಕು. ತಳಕ್ಕೆ ಬಂದಾಗ ಗಾಳಿ ಹೊಕ್ಕು ನಿಲ್ಲಬೇಕು. ಮತ್ತೆ ತುಂಬಬೇಕು. ಬೇರಿಗೆ ಒಂದು ಸಲ ನೀರು, ಒಂದು ಸಲ ಗಾಳಿ."

"ಬೇಕು ಬೇಕು ಅಂತೀಯಲ್ಲ, ಆಗುತ್ತಾ?" ಅಂದರು ಭಟ್ರು.

"ಅದೇ ತಾಪತ್ರಯ. ಪಂಪಿನಿಂದ ಬರುವ ನೀರು ಕಡಿಮೆ ಆದರೆ ಸೈಫನ್ ಶುರುವೇ ಆಗುವುದಿಲ್ಲ. ಪೈಪಿನ ಬಾಯಿಂದ ಸುಮ್ನೆ ಜಿನುಗುತ್ತಾ ಇರುತ್ತೆ. ಜಾಸ್ತಿ ಆದರೆ ಶುರುವಾಗುತ್ತೆ, ಆದರೆ ನಿಲ್ಲುವುದಿಲ್ಲ."

"ಭಟ್ರು ಮೈಕ್ ಹಿಡಿದ ಹಾಗೆ" ಅಂದರು ಶಾಮಣ್ಣ.

ಭಟ್ರು ಬೇಜಾರು ಮಾಡಿಕೊಳ್ಳಲಿಲ್ಲ. ಮೈಕ್ ಸಿಕ್ಕಿದರೆ ಸಾಕು, ಅವರಿಗೆ ಬೇರೆ ಯಾವುದೂ ಬೇಜಾರಿಲ್ಲ. "ಪಂಪು ಎಷ್ಟರದ್ದು?" ಅಂತ ಕೇಳಿದರು.

"ಡಬ್ಬಿಯ ಮೇಲೆ ಗಂಟೆಗೆ 1000 ಲೀಟರ್ ಅಂತ ಬರೆದಿದೆ. ಬಕೆಟ್ ಹಿಡಿದು, ವಾಚು ನೋಡಿ ಲೆಕ್ಕ ಹಾಕಿದೆ. 500 ಕೂಡ ಬರಲಿಲ್ಲ."

"ಮೋಸ!" ಅಂದರು ವಾರಿಜಕ್ಕ.

"ಮೋಸ ಅಲ್ಲ ಅಕ್ಕ. ಅದು ನೀರನ್ನು ಮೇಲಕ್ಕೆ ಏರಿಸದೇ ಇದ್ದಾಗಿನ ಲೆಕ್ಕ. ಐದಡಿ ಏರಿಸಿದರೆ ಇಳಿಯುತ್ತೆ. ದಾರಿಯಲ್ಲಿ ಎಲ್ಬೋ ಹಾಕಿದರೆ, ಸಪೂರ ಪೈಪು ಹಾಕಿದರೆ ಇನ್ನೂ ಇಳಿಯುತ್ತೆ. ಡಬ್ಬಿಯ ಪಕ್ಕದಲ್ಲಿ ಸಣ್ಣದಾಗಿ ಗ್ರಾಫ್ ಹಾಕಿರುತ್ತಾರೆ."

"ನೀರನ್ನು ಏರಿಸದ ಪಂಪು ಯಾರಿಗೆ ಬೇಕಾಗಿತ್ತೋ?" ಅಂದರು ಶಾಮಣ್ಣ.

"ಟ್ಯಾಂಕಿನ ನೀರು ಗಂಟೆಗೆ ಒಂದು ಸಲವಾದರೂ ಜಲ್ಲಿಯೊಳಗೆ ಸುತ್ತಿ ಬರಬೇಕು. ನನ್ನದು 500 ಲೀಟರ್ ಟ್ಯಾಂಕು. ಅದಕ್ಕೆ ಇನ್ನೂ ದೊಡ್ಡ ಪಂಪು ತಂದೆ. ಈಗ ಜಾಸ್ತಿ ಆಯಿತು. ವಾಲ್ವು ಬಿಗಿ ಮಾಡಿದೆ."

"ಪಂಪಿನ ಕುತ್ತಿಗೆ ಹಿಸುಕಬೇಡ ಮಾರಾಯ" ಅಂದರು ಭಟ್ರು. ಅಡಿಕೆ ತೋಟಕ್ಕೆ ನೀರು ಬಿಟ್ಟು ಬೆಳೆದವರು. "ಪೈಪಿನ ನಡುವೆ ಒಂದು ಟೀ ಜಾಯಿಂಟ್ ಹಾಕು. ಹೆಚ್ಚಾದ ನೀರು ಅಲ್ಲಿಂದಲೇ ಮೀನಿನ ಟ್ಯಾಂಕಿಗೆ ಬೀಳಲಿ. ಬೀಳುವಾಗ ಗಾಳಿ ಬೆರೆಯುತ್ತೆ, ಮೀನಿಗೂ ಒಳ್ಳೆಯದು."

"ಹಾಕಿದ್ದೇನೆ ಭಟ್ರೆ. ಆದರೆ ಪೈಪಿನಲ್ಲಿ ಪಾಚಿ ಕಟ್ಟುತ್ತೆ. ಪಂಪಿನ ಜಾಳಿಗೆಗೆ ಕಸ ಕೂರುತ್ತೆ. ಬೆಳಿಗ್ಗೆ ಹೊತ್ತಿಗೆ ಹರಿವು ಕಡಿಮೆ. ದಿನಾ ಎದ್ದು ವಾಲ್ವನ್ನು ಚೂರು ತಿರುಗಿಸಬೇಕು."

"ಯಾರು?" ಅಂದರು ಶಾಮಣ್ಣ.

"ನಾನೇ."

"ಅಂದರೆ, ತಾನಾಗಿ."

ವಾರಿಜಕ್ಕ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಕರೆಂಟು ಹೋದರೆ ಏನು ಮಾಡುತ್ತೀಯ?"

"ಪಂಪು ನಿಂತರೆ ನೀರಿನಲ್ಲಿ ಆಮ್ಲಜನಕ ಕಡಿಮೆ ಆಗುತ್ತೆ. ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಅದಕ್ಕೆ ಯುಪಿಎಸ್‌ಗೆ ಒಂದು ಏರ್ ಪಂಪು ಕೊಟ್ಟಿದ್ದೇನೆ."

ಅಡುಗೆಮನೆಯಿಂದ ರೂಪಾಳ ದನಿ ಬಂತು. "ಹಾಲ್‌ನ ಫ್ಯಾನಿನ ಲೈನು ತೆಗೆದು ಕೊಟ್ಟಿದ್ದಾರೆ ಶಾಮಣ್ಣ. ಕರೆಂಟು ಹೋದಾಗ ನಾವು ಬಾಯಿ ಬಿಡುತ್ತೇವೆ."

"ರಾತ್ರಿ ಏನಾದರೂ ಆದರೆ ಫೋನಿಗೆ ಅಲಾರಂ ಬರುತ್ತೆ" ಅಂದ ಸೀನ, ಮಾತು ತಿರುಗಿಸುವುದಕ್ಕೆ. "ನೀರಿನ ಮಟ್ಟಕ್ಕೆ ಸೆನ್ಸರ್ ಹಾಕಿದ್ದೇನೆ."

"ಮೀನು ಮಲಗಿರುತ್ತೆ, ಗಿಡ ಮಲಗಿರುತ್ತೆ, ಸೀನ ಎದ್ದಿರುತ್ತಾನೆ" ಅಂದರು ಶಾಮಣ್ಣ. "ಅದು ಸರಿ, ನೀರು ಯಾವುದು?"

"ಕಾವೇರಿ. ಕ್ಲೋರಿನ್ ಹೋಗಲಿ ಅಂತ ಒಂದು ದಿನ ತೆರೆದಿಟ್ಟು ಆಮೇಲೆ ಹಾಕುತ್ತೇನೆ."

"ಅಯ್ಯೋ ಪಾಪ."

"ಯಾರು ಪಾಪ?"

"ಕಾವೇರಿ. ತೊರೆಕಾಡನಹಳ್ಳಿಯಿಂದ ಪಂಪು ಮೇಲೆ ಪಂಪು ಹಾಕಿ ಏರಿಸಿ ಬೆಂಗಳೂರಿಗೆ ತರುತ್ತಾರೆ. ಸುಮಾರು 100 ಕಿಲೋಮೀಟರ್ ದಾರಿ, ಸುಮಾರು 500 ಮೀಟರ್ ಎತ್ತರ. 1974ರಲ್ಲಿ ಏರುವುದಕ್ಕೆ ಶುರು ಮಾಡಿದ್ದು ಇನ್ನೂ ಏರುತ್ತಲೇ ಇದ್ದಾಳೆ. 2024ರ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಬೇರೆ ಆಯಿತು, ದಿನಕ್ಕೆ 77.5 ಕೋಟಿ ಲೀಟರಿನದ್ದು. ಅಷ್ಟು ಹತ್ತಿ ಸುಸ್ತಾಗಿ ಬಂದವಳನ್ನು ನೀನು ಗಂಟೆಗೊಂದು ಸಲ ಇನ್ನೂ ಐದಡಿ ಹತ್ತಿಸಿ ಇಳಿಸುತ್ತೀಯ."

"ಇದು ನೀರು ಉಳಿಸುವುದಕ್ಕೇ ಮಾಡಿದ್ದು ಶಾಮಣ್ಣ" ಅಂದ ಸೀನ. ಅವನಿಗೆ ಈಗ ನಿಜಕ್ಕೂ ಬೇಜಾರಾಗಿತ್ತು. "ಆ ವರ್ಷ ಮಾರ್ಚ್‌ನಲ್ಲಿ ನೆನಪಿದೆಯಾ? ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂದರು. ಟ್ಯಾಂಕರಿಗೆ ಫೋನ್ ಮಾಡಿದರೆ ಎತ್ತುತ್ತಲೇ ಇರಲಿಲ್ಲ. ಆಗ ಹೊಳೆಯಿತು, ಇರುವ ನೀರನ್ನೇ ತಿರುಗಿಸೋಣ ಅಂತ."

ಶಾಮಣ್ಣನ ದನಿ ಸ್ವಲ್ಪ ಮೆತ್ತಗಾಯಿತು. "ಆಸೆ ತಪ್ಪಲ್ಲ ಬಿಡು. ಜಾಗ ನೋಡು. ಧರ್ಮಾಂಬುಧಿ ಕೆರೆ ಇದ್ದ ಕಡೆ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಕ್ರೀಡಾಂಗಣ. ಕೆರೆಯ ಮೇಲೆ ಮನೆ ಕಟ್ಟಿದ್ದಾಯಿತು. ಈಗ ಮನೆಯ ಮೇಲೆ ಕೆರೆ ಕಟ್ಟುತ್ತಿದ್ದೇವೆ, ಎಂ-ಸೀಲ್ ಹಚ್ಚಿ."

"ಕೋಲಾರದ ಕಡೆಯವರಿಗೆ ಕೆರೆ ಅಂದರೆ ಸಾಕು" ಅಂದರು ಭಟ್ರು.

"ಹೌದು ಭಟ್ರೆ. ನಿಮಗೆ ಮಳೆ ಇತ್ತು, ನಮಗೆ ಕೆರೆ. ನಮ್ಮೂರಲ್ಲಿ ನೀರುಗಂಟಿ ಇದ್ದ. ತೂಬು ಎತ್ತುವುದು, ಇಳಿಸುವುದು ಅವನ ಕೆಲಸ. ಇವತ್ತು ಯಾರ ಗದ್ದೆಗೆ, ಎಷ್ಟು ಹೊತ್ತು, ಕೊನೆಯ ಗದ್ದೆಗೆ ಮುಟ್ಟಿತಾ ಇಲ್ವಾ, ಎಲ್ಲಾ ಅವನ ತಲೆಯಲ್ಲಿ. ಗೌಡರೇ ಬಂದು ಬೈದರೂ ಸರದಿ ತಪ್ಪಿಸುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಅವನ ಆಯ ಅಂತ ಭತ್ತ ಅಳೆದು ಕೊಡುತ್ತಿದ್ದರು. ಆಮೇಲೆ ಬೋರ್‌ವೆಲ್ ಬಂತು. ಅವರವರ ಸ್ವಿಚ್ಚು ಅವರವರ ಕೈಯಲ್ಲಿ. ಅವನ ಮಗ ಇಲ್ಲೇ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ. ಟ್ಯಾಂಕರ್ ಬಂದರೆ ಗೇಟು ತೆಗೆಯುತ್ತಾನೆ."

ಎಲ್ಲಿಂದಲೋ ಗಳಗಳ ಅಂತ ಸದ್ದು ಬಂತು.

"ಹೊರಟಿತು!" ಅಂತ ಸೀನ ಮೆಟ್ಟಿಲ ಕಡೆಗೆ ಓಡಿದ.

"ಅದು ಪಕ್ಕದ ಮನೆಯ ಫ್ಲಶ್ಶು ರೀ" ಅಂದಳು ರೂಪಾ.

ಸೀನ ವಾಪಸ್ ಬಂದು ಕೂತ. "ಶಾಮಣ್ಣ, ಎರಡು ದಿನ ನೀವೇ ನೀರುಗಂಟಿ ಆಗಿ. ನಾನು ಶಿರಸಿಗೆ ಹೋಗಿ ಬರುತ್ತೇನೆ."

"ಆಯ ಏನು ಕೊಡುತ್ತೀಯ?"

"ಪಾಲಕ್."

"ಮೊದಲು ಬರಲಿ."

"ಪಾಲಕ್ ಬಿಡಿ, ಮೀನು ಯಾವುದು?" ವಾರಿಜಕ್ಕ ಇಷ್ಟು ಹೊತ್ತು ತಡೆದುಕೊಂಡಿದ್ದೇ ದೊಡ್ಡದು.

"ಕಾಟ್ಲಾ."

"ಅದು ವರ್ಷದಲ್ಲಿ ಕಿಲೋ ತೂಗುವ ಜಾತಿ. ತಿನ್ನುವುದು ಯಾರು? ನೀವು ಮೊಟ್ಟೆ ಕೂಡ ಮುಟ್ಟುವುದಿಲ್ಲವಲ್ಲ."

"ತಿನ್ನುವುದಕ್ಕಲ್ಲ ಅಕ್ಕ. ಗೊಬ್ಬರಕ್ಕೆ."

"ನಿನ್ನ ಅಮ್ಮನಿಗೆ ಮೀನಿನ ವಿಷಯ ಗೊತ್ತಾ?" ಅಂದರು ಭಟ್ರು.

"ಗಿಡದ ಟ್ಯಾಂಕು ಅಂತ ಹೇಳಿದ್ದೇನೆ."

ಶಾಮಣ್ಣ ಬೆರಳು ಮಡಿಸಿದರು. "ತಿನ್ನದೇ ಇದ್ದರೆ ಬೆಳೆಯುತ್ತೆ. ಬೆಳೆದರೆ ಗಲೀಜು ಜಾಸ್ತಿ. ಗಲೀಜು ಜಾಸ್ತಿ ಆದರೆ ನೀರು ಜಾಸ್ತಿ ತಿರುಗಬೇಕು. ನೀರು ಜಾಸ್ತಿ ಆದರೆ ಸೈಫನ್ ನಿಲ್ಲುವುದಿಲ್ಲ. ಆಗ ದೊಡ್ಡ ತೊಟ್ಟಿ, ದೊಡ್ಡ ಪಂಪು. ಇನ್ನೆರಡು ವರ್ಷಕ್ಕೆ ಆರನೇ ಹಂತವನ್ನು ಸೀದಾ ನಿನ್ನ ತಾರಸಿಗೇ ತರಬೇಕು."

ಸೀನ ಕೊನೆಯ ಆಸೆಯಿಂದ ತಿರುಗಿದ. "ವಾರಿಜಕ್ಕ, ನೀವಾದರೂ ಒಂದೆರಡು..."

"ಛೆ ಛೆ. ನಾವು ಸಮುದ್ರದ ಮೀನು ತಿನ್ನುವವರು. ಕೆರೆ ಮೀನು ಮಣ್ಣು ವಾಸನೆ."

"ಇದರಲ್ಲಿ ಮಣ್ಣೇ ಇಲ್ಲ ಅಕ್ಕ! ಇದರ ವಿಶೇಷವೇ ಅದು!"

"ಹಾಗಾದರೆ ರುಚಿ ಎಲ್ಲಿಂದ ಬರಬೇಕು?" ಅಂದರು ವಾರಿಜಕ್ಕ.